ವಾರಂಟ್ ಹುಡುಕಬೇಡಿ, ಕೇಸು ಹುಡುಕಿ

ಕಳೆದ ಮಳೆಗಾಲದ ಶುರುವಿನಲ್ಲಿ ಒಂದು ರಾತ್ರಿ ಹನ್ನೊಂದು ದಾಟಿದ ಮೇಲೆ ಮಸ್ಕತ್‌ನಿಂದ ಚಿಕ್ಕಮ್ಮನ ಮಗ ಫೋನ್ ಮಾಡಿದ. "ಅಣ್ಣಾ, ನನ್ನ ಮೇಲೆ ವಾರಂಟ್ ಉಂಟಂತೆ. ಹೌದಾ ಅಲ್ವಾ ಅಂತ ನೋಡುವುದು ಹೇಗೆ?" ಎಂದು ಕೇಳಿದ. ಸುರತ್ಕಲ್‌ನಲ್ಲಿ ಅವನು ಮೊದಲು ಬಾಡಿಗೆಗಿದ್ದ ಮನೆಗೆ ಪೊಲೀಸರು ಬಂದು ವಿಚಾರಿಸಿ ಹೋಗಿದ್ದರು. ಹಳೆಯ ನೆರೆಮನೆಯವರು ಸುದ್ದಿ ಮುಟ್ಟಿಸಿದ್ದರು. ಇವನು ಕೂಡಲೇ ಮೊಬೈಲ್‌ನಲ್ಲಿ ಹುಡುಕಿದ್ದಾನೆ. ಸಿಕ್ಕಿದ್ದೆಲ್ಲ ಅಮೆರಿಕದ ಪುಟಗಳು. ಒಂದರಲ್ಲಿ ಹೆಸರು, ಹುಟ್ಟಿದ ದಿನಾಂಕ ತುಂಬಿಸಿ, ಕಾರ್ಡ್ ನಂಬರ್ ಕೇಳುವ ಜಾಗಕ್ಕೆ ಬಂದು ನಿಂತಿದ್ದ.

ಅವನ ತಪ್ಪೇನೂ ಇಲ್ಲ. ಅಮೆರಿಕದ ಎಷ್ಟೋ ಕೌಂಟಿಗಳಲ್ಲಿ, ಅಂದರೆ ಅಲ್ಲಿನ ಜಿಲ್ಲೆಗಳಲ್ಲಿ, ಶೆರಿಫ್ ಎಂಬ ಪೊಲೀಸ್ ಅಧಿಕಾರಿಯ ಕಚೇರಿಯೇ ಬಾಕಿ ವಾರಂಟ್‌ಗಳ ಪಟ್ಟಿಯನ್ನು ಜಾಲತಾಣದಲ್ಲಿ ಹಾಕುತ್ತದೆ. ಹೆಸರು ಹೊಡೆದರೆ ಉತ್ತರ ಬರುತ್ತದೆ. ಅದನ್ನೇ ಬಂಡವಾಳ ಮಾಡಿಕೊಂಡು ದುಡ್ಡಿಗೆ ಮಾಹಿತಿ ಮಾರುವ ಕಂಪನಿಗಳೂ ಅಲ್ಲಿವೆ. ಮಂಗಳೂರಿನ, ಉಡುಪಿಯ ಕೇಸಿಗೆ ಅವುಗಳಿಂದ ಮೂರು ಕಾಸಿನ ಪ್ರಯೋಜನವಿಲ್ಲ. ನಮ್ಮಲ್ಲಿ ಜನ ನೋಡಬಹುದಾದ ವಾರಂಟ್ ಪಟ್ಟಿ ಎಂಬುದೇ ಇಲ್ಲ. ಹಾಗಂತ ವಾರಂಟ್ ಗುಟ್ಟಿನ ವಿಷಯವೂ ಅಲ್ಲ. ಅದು ಯಾವುದೋ ಒಂದು ಕೇಸಿನ ಒಂದು ದಿನದ ಆದೇಶದಲ್ಲಿ, ಒಂದೆರಡು ಸಾಲಿನಲ್ಲಿ ಕೂತಿರುತ್ತದೆ. ಆ ಕೇಸು ಸಿಕ್ಕಿದರೆ ವಾರಂಟ್ ಸಿಕ್ಕಿತು.

ವಾರಂಟ್ ಹುಟ್ಟುವ ರೀತಿ ಗೊತ್ತಿದ್ದರೆ ಹುಡುಕುವುದು ಸುಲಭ. ಕೋರ್ಟಿನಲ್ಲಿ ಕೇಸು ಕೂಗುತ್ತಾರೆ. ಆರೋಪಿ ಇಲ್ಲ. ಅವನ ಪರ ವಕೀಲರೂ ಇಲ್ಲ. ಗೈರುಹಾಜರಿ ಮನ್ನಿಸಿ ಎಂಬ ಅರ್ಜಿಯೂ ಇಲ್ಲ. ಮ್ಯಾಜಿಸ್ಟ್ರೇಟರು ವಾರಂಟ್ ಹೊರಡಿಸಿ ಎಂದು ಬರೆಸುತ್ತಾರೆ. ಸಹಿ, ಮೊಹರು ಬಿದ್ದ ಆ ಹಾಳೆ ಆರೋಪಿ ಇರುವ ಊರಿನ ಠಾಣೆಗೆ ಹೋಗುತ್ತದೆ. ಅಲ್ಲಿ ಸಮನ್ಸ್, ವಾರಂಟ್ ಡ್ಯೂಟಿಗೆ ಹಾಕಿದ ಕಾನ್‌ಸ್ಟೇಬಲ್ ಅದನ್ನು ಹಿಡಿದು ಮನೆ ಹುಡುಕುತ್ತಾರೆ. ಆರೋಪಿ ಸಿಗದೆ ವರ್ಷಗಳು ಕಳೆದರೆ ಕೇಸು 'ಎಲ್‌ಪಿಸಿ' ಆಗುತ್ತದೆ. ಬಹುಕಾಲದಿಂದ ಬಾಕಿ ಇರುವ ಕೇಸು ಎಂದರ್ಥ. ಪೇಪರಿನಲ್ಲಿ "ಹತ್ತು ವರ್ಷದಿಂದ ತಲೆಮರೆಸಿಕೊಂಡಿದ್ದ ಎಲ್‌ಪಿಸಿ ವಾರಂಟ್ ಆರೋಪಿ ಸೆರೆ" ಎಂದು ಓದುತ್ತೇವಲ್ಲ, ಅದೇ.

ಆ 'ತಲೆಮರೆಸಿಕೊಂಡಿದ್ದ' ಎಂಬ ಮಾತಿನ ಹತ್ತಿರ ಸ್ವಲ್ಪ ನಿಲ್ಲಬೇಕು. ಬೇಕೆಂದೇ ಓಡಿಹೋದವರು ಇದ್ದಾರೆ, ಇಲ್ಲ ಎನ್ನುವುದಿಲ್ಲ. ಆದರೆ ನಮ್ಮ ಕರಾವಳಿಯಲ್ಲಿ ಕೇಸು ಇರುವುದೇ ಗೊತ್ತಿಲ್ಲದೆ ವಾರಂಟ್ ಹೊತ್ತು ತಿರುಗುವವರೂ ಇದ್ದಾರೆ. ಗಂಡಸರು ದುಬೈ, ಕುವೈತ್, ಮುಂಬಯಿಯಲ್ಲಿ. ಮನೆಯಲ್ಲಿ ಅಮ್ಮ, ಹೆಂಡತಿ, ಮಕ್ಕಳು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಪ್ರಕಾರ ಆರೋಪಿ ಸಿಗದಿದ್ದರೆ ಸಮನ್ಸನ್ನು ಮನೆಯ ವಯಸ್ಕ ಗಂಡಸಿನ ಕೈಗೆ ಕೊಡಬೇಕಿತ್ತು. ಹೆಂಗಸರೇ ಇರುವ ಮನೆಗೆ ಆ ನಿಯಮ ಹೊಂದುತ್ತಲೇ ಇರಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 66ನೇ ಕಲಂ ಇದನ್ನು ಸರಿಮಾಡಿದೆ. ಈಗ ಮನೆಯ ಯಾವ ವಯಸ್ಕರ ಕೈಗಾದರೂ ಕೊಡಬಹುದು. ಯಾರೂ ಸಿಗದಿದ್ದರೆ ಮನೆಗೆ ಅಂಟಿಸಿ ಹೋಗಬಹುದು. ಬಾಡಿಗೆ ಮನೆ ಬಿಟ್ಟು ಮೂರು ವರ್ಷ ಆಗಿದ್ದರೆ ಅಂಟಿಸಿದ್ದನ್ನು ಓದುವವರು ಯಾರು?

ಇನ್ನು ಚೆಕ್ ಕೇಸು. ಚೆಕ್ ಬೌನ್ಸ್ ಅಂದರೆ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ. ಇದರಲ್ಲಿ ಪೊಲೀಸರ ಎಫ್‌ಐಆರ್ ಇರುವುದಿಲ್ಲ. ಹಣ ಬರಬೇಕಾದವರು ನೇರ ಕೋರ್ಟಿಗೆ ಖಾಸಗಿ ದೂರು ಕೊಡುತ್ತಾರೆ. ಸೊಸೈಟಿ ಸಾಲಕ್ಕೆ, ಫೈನಾನ್ಸ್ ಸಾಲಕ್ಕೆ, ಗೆಳೆಯನ ಜಾಮೀನಿಗೆ ಅಂತ ಸಹಿ ಮಾತ್ರ ಹಾಕಿ ಕೊಟ್ಟ ಖಾಲಿ ಚೆಕ್‌ಗಳು ನಮ್ಮ ಜಿಲ್ಲೆಗಳಲ್ಲಿ ಎಷ್ಟು ಕಪಾಟುಗಳಲ್ಲಿವೆಯೋ. ನನ್ನ ತಮ್ಮನದೂ ಅದೇ ಕಥೆ. ಗೆಳೆಯನೊಬ್ಬ ಪಿಕಪ್ ವಾಹನ ತೆಗೆದುಕೊಳ್ಳುವಾಗ ಇವನು ಒಂದು ಖಾಸಗಿ ಫೈನಾನ್ಸ್‌ಗೆ ಚೆಕ್ ಕೊಟ್ಟಿದ್ದ. ಗೆಳೆಯ ಕಂತು ಕಟ್ಟಲಿಲ್ಲ. ಇವನು ಮಸ್ಕತ್‌ಗೆ ಹಾರಿದ್ದ. ನೋಟಿಸು, ಸಮನ್ಸು ಎಲ್ಲ ಸುರತ್ಕಲ್‌ನ ಹಳೆಯ ವಿಳಾಸಕ್ಕೇ ಹೋಗಿತ್ತು.

ಆ ರಾತ್ರಿ ನಾವಿಬ್ಬರೂ ಹುಡುಕಲು ಕೂತೆವು. ಇದಕ್ಕೆ ಇರುವ ದಾರಿ ಇ-ಕೋರ್ಟ್ಸ್. ಸುಪ್ರೀಂ ಕೋರ್ಟಿನ ಇ-ಸಮಿತಿ ನಡೆಸುವ ವ್ಯವಸ್ಥೆ ಇದು. ಜಾಲತಾಣವೂ ಇದೆ, 'ಇ-ಕೋರ್ಟ್ಸ್ ಸರ್ವಿಸಸ್' ಎಂಬ ಆ್ಯಪ್ ಕೂಡ ಇದೆ. ಒಂದು ಪೈಸೆ ಖರ್ಚಿಲ್ಲ, ಲಾಗಿನ್ ಬೇಡ. ವಿಳಾಸದ ಕೊನೆಗೆ 'ಗವ್ ಡಾಟ್ ಇನ್' ಇದೆಯಾ ಎಂದು ನೋಡಿಕೊಳ್ಳಿ, ಅದೇ ತರ ಕಾಣುವ ಖಾಸಗಿ ಪುಟಗಳೂ ಇವೆ. ರಾಜ್ಯ ಕರ್ನಾಟಕ, ಜಿಲ್ಲೆ ದಕ್ಷಿಣ ಕನ್ನಡ ಅಥವಾ ಉಡುಪಿ ಎಂದು ಆರಿಸಿ, ಆಮೇಲೆ ಕೋರ್ಟ್ ಸಂಕೀರ್ಣ ಆರಿಸಬೇಕು. ಕೇಸು ನಂಬರ್ ಗೊತ್ತಿಲ್ಲದವರಿಗೆ 'ಪಾರ್ಟಿ ನೇಮ್', ಅಂದರೆ ಕಕ್ಷಿದಾರರ ಹೆಸರಿನ ಹುಡುಕಾಟ ಇದೆ. ಹೆಸರಿನ ಕನಿಷ್ಠ ಮೂರು ಅಕ್ಷರ ಮತ್ತು ಕೇಸು ದಾಖಲಾದ ವರ್ಷ ಹಾಕಬೇಕು.

ಕೇಳಲು ಸುಲಭ. ಕೂತು ನೋಡಿದರೆ ಗೊತ್ತಾಗುತ್ತದೆ. ಮೊದಲ ತೊಡಕು ಹೆಸರಿನದು. ದಾಖಲೆಯಲ್ಲಿ ಹೆಸರು ಹೆಚ್ಚಾಗಿ ಇಂಗ್ಲಿಷ್ ಅಕ್ಷರದಲ್ಲಿ ಇರುತ್ತದೆ. ಬರೆದವರು ಹೇಗೆ ಬರೆದರೋ ಹಾಗೆ. ಪೂಜಾರಿ ಎಂಬುದನ್ನು ಕೊನೆಗೆ ವೈ ಹಾಕಿ ಬರೆಯುವವರಿದ್ದಾರೆ, ಐ ಹಾಕುವವರೂ ಇದ್ದಾರೆ. ಮೊದಲಿಗೆ ಎರಡು ಓ ಹಾಕುವುದೋ, ಒಂದು ಯು ಹಾಕುವುದೋ ಎಂಬುದು ಇನ್ನೊಂದು. ಡಿಸೋಜ ಎಂಬುದರ ನಡುವೆ ಚುಕ್ಕೆ ಇರಬಹುದು, ಜಾಗ ಬಿಟ್ಟಿರಬಹುದು, ಕೂಡಿಸಿ ಬರೆದಿರಬಹುದು. ಮೊಹಮ್ಮದ್ ಎಂಬ ಹೆಸರಿಗಂತೂ ಲೆಕ್ಕವೇ ಇಲ್ಲ. ಹಾಗಾಗಿ ಇಡೀ ಹೆಸರು ಹೊಡೆಯಬೇಡಿ. ಬದಲಾಗದ ಭಾಗವನ್ನು ಮಾತ್ರ ಹಾಕಿ. ಒಮ್ಮೆ ಮೊದಲ ಹೆಸರಿನಿಂದ, ಇನ್ನೊಮ್ಮೆ ಕೊನೆಯ ಹೆಸರಿನಿಂದ ಹುಡುಕಿ.

ಎರಡನೆಯ ತೊಡಕು ಜಾಗದ್ದು. ಇದು ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಮಂಗಳೂರು, ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿ, ಪುತ್ತೂರು, ಸುಳ್ಯ ಒಂದೊಂದೂ ಬೇರೆ ಬೇರೆ ನೋಡಬೇಕು. ಆ ಕಡೆ ಉಡುಪಿ, ಕುಂದಾಪುರ, ಕಾರ್ಕಳವೂ ಹಾಗೆಯೇ. ನಾವು ಮಂಗಳೂರಿನಲ್ಲಿ ಐದು ವರ್ಷದ್ದೂ ನೋಡಿದೆವು. ಏನೂ ಇಲ್ಲ. ತಮ್ಮನಿಗೆ ಜೀವ ಬಂತು. ಆದರೆ ಚೆಕ್ ಕೇಸನ್ನು ಎಲ್ಲಿ ಹಾಕಬೇಕು ಎಂಬುದಕ್ಕೆ 2015ರ ತಿದ್ದುಪಡಿ ಒಂದು ನಿಯಮ ಮಾಡಿದೆ. ಹಣ ಪಡೆಯಬೇಕಾದವರು ತಮ್ಮ ಖಾತೆಗೆ ಚೆಕ್ ಹಾಕಿದ್ದರೆ, ಆ ಖಾತೆ ಇರುವ ಬ್ಯಾಂಕ್ ಶಾಖೆ ಯಾವ ಕೋರ್ಟಿನ ವ್ಯಾಪ್ತಿಯಲ್ಲಿದೆಯೋ ಅಲ್ಲಿ ಕೇಸು. ಚೆಕ್ ಕೊಟ್ಟವನ ಊರು ಯಾವುದೆಂದು ಅದು ಕೇಳುವುದಿಲ್ಲ. ಆ ಫೈನಾನ್ಸ್‌ನ ಖಾತೆ ಇದ್ದದ್ದು ಉಡುಪಿಯಲ್ಲಿ. ಉಡುಪಿ ಆರಿಸಿ, ವರ್ಷ ಬದಲಿಸುತ್ತಾ ಹೋದೆವು. ರಾತ್ರಿ ಒಂದು ಗಂಟೆಗೆ ಅವನ ಹೆಸರು ಬಂತು. ಕೊನೆಗೆ ಐ ಇತ್ತು.

ಹೆಸರು ಬಂದ ಕೂಡಲೇ ಅದು ನೀವೇ ಎಂದು ತಿಳಿಯಬೇಡಿ. ಒಂದೇ ಹೆಸರಿನ ನೂರು ಜನ ಈ ಎರಡು ಜಿಲ್ಲೆಗಳಲ್ಲಿ ಸಿಗುತ್ತಾರೆ. ಎದುರು ಪಕ್ಷ ಯಾರು, ಯಾವ ಕಾಯ್ದೆ, ಯಾವ ಕಲಂ, ಪೊಲೀಸ್ ಕೇಸಾದರೆ ಯಾವ ಠಾಣೆ, ಅಪರಾಧ ಸಂಖ್ಯೆ ಎಷ್ಟು ಎಂದು ನೋಡಿ ತಾಳೆ ಹಾಕಬೇಕು. ಅದೇ ಪುಟದಲ್ಲಿ 16 ಅಕ್ಷರ, ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ಮುಂದೆ ಬೇರೇನೂ ತುಂಬಿಸಬೇಕಿಲ್ಲ, ಆ ಸಂಖ್ಯೆ ಒಂದೇ ಸಾಕು.

ಈಗ ಪುಟವನ್ನು ಓದಬೇಕು. 'ಕೇಸ್ ಸ್ಟೇಜ್' ಎಂಬಲ್ಲಿ ಕೇಸು ಯಾವ ಹಂತದಲ್ಲಿದೆ ಎಂದಿರುತ್ತದೆ. ಸಮನ್ಸ್ ಎಂದಿದ್ದರೆ ಇನ್ನೂ ಸಮಯವಿದೆ. 'ಬಿಡಬ್ಲ್ಯೂ' ಎಂದರೆ ಜಾಮೀನು ಸಹಿತ ವಾರಂಟ್, ಅಂದರೆ ಪೊಲೀಸರು ಬಂದರೂ ಮುಚ್ಚಳಿಕೆ ಬರೆದುಕೊಟ್ಟು, ಅದರಲ್ಲಿ ಹೇಳಿದಂತೆ ಶ್ಯೂರಿಟಿ ಕೊಟ್ಟು, ಹೇಳಿದ ದಿನ ಕೋರ್ಟಿಗೆ ಹೋಗಬಹುದು. 'ಎನ್‌ಬಿಡಬ್ಲ್ಯೂ' ಎಂದರೆ ಜಾಮೀನುರಹಿತ ವಾರಂಟ್. ಅದರಲ್ಲಿ ಹಿಡಿದು ಕೋರ್ಟಿಗೆ ತರಲೇಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ. ಕೆಳಗೆ ಹಿಂದಿನ ದಿನಾಂಕಗಳ ಪಟ್ಟಿ ಇರುತ್ತದೆ. ಒಂದೊಂದು ದಿನಾಂಕವನ್ನು ಒತ್ತಿದರೆ ಆ ದಿನ ಏನಾಯಿತು ಎಂದು ತೆರೆಯುತ್ತದೆ. ಕೆಲವು ಕೇಸುಗಳಲ್ಲಿ ಹೊರಡಿಸಿದ ಸಮನ್ಸ್, ವಾರಂಟ್‌ಗಳ ಪಟ್ಟಿಯೂ ಪ್ರತ್ಯೇಕವಾಗಿ ಇರುತ್ತದೆ. ಇಲ್ಲಿ ಅವಸರ ಮಾಡಬೇಡಿ, ಒಂದೊಂದನ್ನೂ ಓದಿ. ಒಂದು ದಿನ ವಾರಂಟ್ ಹೊರಟು ಮುಂದಿನ ದಿನ ರದ್ದಾಗಿರಬಹುದು.

'ಡಿಸ್ಪೋಸ್ಡ್' ಎಂದು ಕಂಡರೆ ಕೇಸು ಮುಗಿಯಿತು ಎಂದು ಸಂತೋಷಪಡುವ ಮೊದಲು ಇನ್ನೊಂದು ನೋಡಬೇಕು. ಹೊಡೆದಾಟದ ಕೇಸೊಂದರಲ್ಲಿ ಏಳು ಆರೋಪಿಗಳು ಎಂದಿಟ್ಟುಕೊಳ್ಳಿ. ಆರು ಜನ ಬರುತ್ತಾರೆ, ಒಬ್ಬ ಬರುವುದಿಲ್ಲ. ಒಬ್ಬನಿಗಾಗಿ ಎಲ್ಲರನ್ನೂ ಕಾಯಿಸಲು ಆಗದೆ ಕೋರ್ಟು ಅವನ ಕೇಸನ್ನು ಬೇರೆ ಮಾಡುತ್ತದೆ. ಇದಕ್ಕೆ 'ಸ್ಪ್ಲಿಟ್ ಅಪ್' ಎನ್ನುತ್ತಾರೆ. ಅವನಿಗೆ ಹೊಸ ಕೇಸು ನಂಬರ್ ಬರುತ್ತದೆ. ಹಳೆಯ ನಂಬರಿನಲ್ಲಿ ಆರು ಜನ ಖುಲಾಸೆಯಾಗಿ ಕೇಸು ಮುಗಿದಿರುತ್ತದೆ. ಹೊಸ ನಂಬರಿನಲ್ಲಿ ಇವನ ವಾರಂಟ್ ಜೀವಂತ ಇರುತ್ತದೆ. "ಕೇಸು ಬಿದ್ದು ಹೋಯಿತಂತೆ" ಎಂದು ನಂಬಿ ಊರಿಗೆ ಬಂದವರು ಸಿಕ್ಕಿಬೀಳುವುದು ಹೀಗೆಯೇ.

ವಾರಂಟ್‌ಗೆ ವಯಸ್ಸಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಹಾಳೆಯ ಮೇಲೆ ಮುಂದಿನ ದಿನಾಂಕ ಇರುತ್ತದೆ, ಅದು ದಾಟಿದರೆ ವಾರಂಟ್ ಸತ್ತಿತು ಎಂದು ಎಷ್ಟೋ ಜನ ತಿಳಿದಿದ್ದಾರೆ. ನಾಗರಿಕ ಸುರಕ್ಷಾ ಸಂಹಿತೆಯ 72ನೇ ಕಲಂ ಹೇಳುವುದೇ ಬೇರೆ. ಹೊರಡಿಸಿದ ಕೋರ್ಟು ರದ್ದು ಮಾಡುವವರೆಗೆ ಅಥವಾ ಜಾರಿಯಾಗುವವರೆಗೆ ಅದು ಬದುಕಿರುತ್ತದೆ.

ಪೊಲೀಸ್ ಕೇಸಾದರೆ ಇನ್ನೊಂದು ಬಾಗಿಲು ಇದೆ. 2016ರಲ್ಲಿ ಯೂತ್ ಬಾರ್ ಅಸೋಸಿಯೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಜಾಲತಾಣಕ್ಕೆ ಹಾಕಬೇಕು ಎಂದಿತು. ಕರ್ನಾಟಕ ಪೊಲೀಸರ ಜಾಲತಾಣದಲ್ಲಿ ಜಿಲ್ಲೆ, ಠಾಣೆ, ವರ್ಷ ಹಾಕಿ ಎಫ್‌ಐಆರ್ ನೋಡಬಹುದು. ಒಂದು ಎಚ್ಚರ: ಮಂಗಳೂರು ನಗರ ಕಮಿಷನರೇಟ್ ಬೇರೆ, ದಕ್ಷಿಣ ಕನ್ನಡ ಜಿಲ್ಲಾ ಪೊಲೀಸ್ ಬೇರೆ. ಉಳ್ಳಾಲ, ಸುರತ್ಕಲ್, ಮೂಲ್ಕಿ, ಮೂಡುಬಿದಿರೆ ಎಲ್ಲ ಕಮಿಷನರೇಟ್ ಕಡೆ ಬರುತ್ತವೆ. ಎಫ್‌ಐಆರ್ ಸಂಖ್ಯೆ ಸಿಕ್ಕಿದರೆ ಅದನ್ನೇ ಇ-ಕೋರ್ಟ್ಸ್‌ನಲ್ಲಿ ಹಾಕಿ ಕೋರ್ಟಿನ ಕೇಸು ಹಿಡಿಯಬಹುದು. ಆದರೆ ಚೆಕ್ ಕೇಸಿಗೂ, ಜೀವನಾಂಶ ಬಾಕಿಯ ವಾರಂಟ್‌ಗೂ ಎಫ್‌ಐಆರ್ ಇರುವುದಿಲ್ಲ. ಇಲ್ಲಿ ಏನೂ ಕಾಣಲಿಲ್ಲ ಎಂದು ಧೈರ್ಯ ತಂದುಕೊಳ್ಳುವ ಹಾಗಿಲ್ಲ.

ಆನ್‌ಲೈನ್‌ನಲ್ಲಿ ಕಾಣದವೂ ಇವೆ. ಲೈಂಗಿಕ ಅಪರಾಧ, ಮಕ್ಕಳಿಗೆ ಸಂಬಂಧಿಸಿದ ಪ್ರಕರಣಗಳ ವಿವರ ಮುಚ್ಚಿಡುತ್ತಾರೆ, ಅದು ಸರಿಯೇ. ಬಜಪೆ ವಿಮಾನ ನಿಲ್ದಾಣದಲ್ಲಿ ಇಳಿಯುವವರು ಹೆದರುವ ಲುಕ್‌ಔಟ್ ನೋಟಿಸು, ಅಂದರೆ ಬೇಕಾದವರನ್ನು ನಿಲ್ದಾಣದಲ್ಲೇ ತಡೆಯಲು ಕೊಡುವ ಸೂಚನೆ ಕೂಡ ಹೊರಗೆ ಕಾಣುವುದಿಲ್ಲ. ಪೊಲೀಸರು ವಾರಂಟ್ ಇಲ್ಲದೆಯೇ ಹಿಡಿಯಬಹುದಾದ ಅಪರಾಧಗಳಲ್ಲಿ, ಎನ್‌ಬಿಡಬ್ಲ್ಯೂ ಆದ ಮೇಲೂ ಆರೋಪಿ ಬಾರದಿದ್ದಾಗ ಅದನ್ನು ಹೊರಡಿಸುವ ಕ್ರಮವಿದೆ. ಚೆಕ್ ಬೌನ್ಸ್ ಆ ಗುಂಪಿಗೆ ಸೇರುವುದಿಲ್ಲ.

ಆನ್‌ಲೈನ್‌ನಲ್ಲಿ ಸಿಗದಿದ್ದರೆ ಕೋರ್ಟಿಗೇ ಹೋಗಬೇಕು. ಠಾಣೆಗೆ ಹೋಗಿ "ನನ್ನ ಮೇಲೆ ವಾರಂಟ್ ಉಂಟಾ?" ಎಂದು ಕೇಳಬಾರದಾ? ಕೇಳಬಹುದು. ಆದರೆ ಇದ್ದರೆ ಅಲ್ಲೇ ಹಿಡಿಯುವುದು ಅವರ ಕರ್ತವ್ಯ, ಅದನ್ನು ತಿಳಿದೇ ಹೋಗಿ. ಅದಕ್ಕಿಂತ ವಕೀಲರೊಬ್ಬರನ್ನು ಕೋರ್ಟಿನ ಕಚೇರಿಗೆ ಕಳಿಸುವುದು ಒಳ್ಳೆಯದು. ಅವರು ಕೇಸಿನ ಫೈಲ್ ನೋಡಿ, ಆದೇಶದ ದೃಢೀಕೃತ ಪ್ರತಿಗೆ ಅರ್ಜಿ ಹಾಕುತ್ತಾರೆ. ವಕೀಲರಿಗೆ ಕೊಡಲು ದುಡ್ಡಿಲ್ಲದವರಿಗೆ ಎರಡೂ ಜಿಲ್ಲೆಗಳಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ. ಸಹಾಯವಾಣಿ 15100. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ನೋಡದೆಯೇ ಉಚಿತ ನೆರವು ಪಡೆಯುವ ಹಕ್ಕನ್ನು 1987ರ ಕಾಯ್ದೆ ಕೊಟ್ಟಿದೆ. ನಾಚಿಕೆಪಟ್ಟು ಬಿಟ್ಟುಬಿಡಬೇಡಿ.

ವಾರಂಟ್ ಇದೆ ಎಂದು ಖಾತ್ರಿಯಾದರೆ ಪ್ರಪಂಚ ಮುಳುಗುವುದಿಲ್ಲ. ಅದೇ 72ನೇ ಕಲಮಿನ ಎರಡನೇ ಭಾಗದಲ್ಲಿ ವಾರಂಟ್ ರದ್ದು ಕೋರಿ ಅರ್ಜಿ ಹಾಕಬಹುದು. ಕೋರ್ಟಿನ ಹಿರಿಯರ ಬಾಯಲ್ಲಿ ಅದು ಈಗಲೂ 'ಸೆವೆಂಟಿ ಟೂ' ಅಲ್ಲ, ಹಳೆಯ ಸಂಹಿತೆಯ 'ಸೆವೆಂಟಿ ಸಬ್ ಟೂ', ಅಂದರೆ 70ನೇ ಕಲಮಿನ ಎರಡನೇ ಭಾಗ. ಸಾಮಾನ್ಯವಾಗಿ ಆರೋಪಿ ಖುದ್ದಾಗಿ ನಿಲ್ಲಬೇಕು. ಬಾರದಿರಲು ಕಾರಣ ಏನು ಎಂದು ಹೇಳಬೇಕು. ತಾನಾಗಿ ಬಂದವನನ್ನು ಕೋರ್ಟು ನೋಡುವ ರೀತಿಯೇ ಬೇರೆ. 2007ರ ಇಂದರ್ ಮೋಹನ್ ಗೋಸ್ವಾಮಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ: ಮೊದಲು ಸಮನ್ಸ್, ಆಮೇಲೆ ಜಾಮೀನು ಸಹಿತ ವಾರಂಟ್, ಬೇಕೆಂದೇ ತಪ್ಪಿಸಿಕೊಳ್ಳುತ್ತಿದ್ದಾನೆ ಎಂದು ಮನವರಿಕೆಯಾದ ಮೇಲೆಯೇ ಜಾಮೀನುರಹಿತ ವಾರಂಟ್. ಸಮನ್ಸೇ ಮುಟ್ಟಿಲ್ಲ ಎಂದು ತೋರಿಸಲು ಆಗುವವರಿಗೆ ಈ ತೀರ್ಪು ಬಲ ಕೊಡುತ್ತದೆ. ಸುಮ್ನೆ ಕೂತರೆ ಮಾತ್ರ ಕಷ್ಟ. ಮುಂದಿನದು ಹೊಸ ಸಂಹಿತೆಯ 84ನೇ ಕಲಮಿನ ಉದ್ಘೋಷಣೆ. ಕನಿಷ್ಠ 30 ದಿನದ ಗಡುವು ಕೊಟ್ಟು ಊರಿನಲ್ಲಿ ಓದಿ ಹೇಳುತ್ತಾರೆ, ಮನೆಗೂ ಕೋರ್ಟಿಗೂ ಅಂಟಿಸುತ್ತಾರೆ, ಪೇಪರಿನಲ್ಲೂ ಹಾಕಿಸಬಹುದು. ಆಗಲೂ ಬಾರದಿದ್ದರೆ ಆಸ್ತಿ ಜಪ್ತಿಗೆ ದಾರಿ ತೆರೆಯುತ್ತದೆ. ಭಾರತೀಯ ನ್ಯಾಯ ಸಂಹಿತೆಯ 209ನೇ ಕಲಮಿನಲ್ಲಿ ಅದೇ ಒಂದು ಹೊಸ ಅಪರಾಧ, ಮೂರು ವರ್ಷದವರೆಗೆ ಸಜೆ.

ತಮ್ಮ ರಜೆ ಹಾಕಿ ಬಂದ. ವಕೀಲರ ಜೊತೆ ಉಡುಪಿ ಕೋರ್ಟಿನಲ್ಲಿ ನಿಂತ. ವಾರಂಟ್ ರದ್ದಾಯಿತು, ಶ್ಯೂರಿಟಿ ಕೊಟ್ಟು ಸಂಜೆ ಮನೆಗೆ ಬಂದ. ಚಿಕ್ಕಮ್ಮ ಆ ದಿನ ಮಧ್ಯಾಹ್ನ ಊಟ ಮಾಡಿರಲಿಲ್ಲ. ಚೆಕ್ ಕೇಸು ರಾಜಿಗೆ ಅವಕಾಶ ಇರುವ ಕೇಸು. ಅದು ಮುಂದೆ ಲೋಕ ಅದಾಲತ್‌ನಲ್ಲಿ ಮುಗಿಯಿತು.

ಇದೇ ಭಯವನ್ನು ಹಿಡಿದುಕೊಂಡು ದೋಚುವವರ ಬಗ್ಗೆ ಹೇಳದಿದ್ದರೆ ಈ ಬರಹ ಅರ್ಧ ಆಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಮೊಹರು ಹಾಕಿದ ವಾರಂಟ್ ಬರುತ್ತದೆ. ವಿಡಿಯೊ ಕರೆಯಲ್ಲಿ ಪೊಲೀಸ್ ಸಮವಸ್ತ್ರ ತೊಟ್ಟವರು ಕಾಣುತ್ತಾರೆ. "ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ, ಕರೆ ಕಡಿಯಬೇಡಿ, ಹಣ ಹಾಕಿ" ಎನ್ನುತ್ತಾರೆ. ಸುಪ್ರೀಂ ಕೋರ್ಟಿನ ಹೆಸರಿನಲ್ಲೇ ನಕಲಿ ಆದೇಶ ತಯಾರಿಸಿದ್ದನ್ನು ಕಂಡು ಆ ಕೋರ್ಟು 2025ರ ಅಕ್ಟೋಬರ್‌ನಲ್ಲಿ ತಾನಾಗಿಯೇ ವಿಚಾರಣೆ ಕೈಗೆತ್ತಿಕೊಂಡಿತು. ಒಂದು ವ್ಯತ್ಯಾಸ ನೆನಪಿಡಿ. ಹೊಸ ಸಂಹಿತೆಯಲ್ಲಿ ಕೋರ್ಟಿನ ಸಮನ್ಸ್ ಫೋನಿಗೂ ಬರಬಹುದು, ಅದನ್ನು ಕಸ ಎಂದು ಅಳಿಸಬೇಡಿ. ಅದರಲ್ಲಿರುವ ಕೇಸು ನಂಬರನ್ನು ಇ-ಕೋರ್ಟ್ಸ್‌ನಲ್ಲಿ ಹಾಕಿ ನೋಡಿ. ಆದರೆ ಬಂಧನ ಫೋನಿನಲ್ಲಿ ಆಗುವುದಿಲ್ಲ. ವಾರಂಟ್ ಜಾರಿ ಮಾಡುವ ಪೊಲೀಸರು ಎದುರಿಗೆ ಬರಬೇಕು, ಅದರ ಸಾರಾಂಶ ಹೇಳಬೇಕು, ಕೇಳಿದರೆ ತೋರಿಸಬೇಕು. ಇದು 77ನೇ ಕಲಂ. ಹಣ ಕೊಟ್ಟರೆ ವಾರಂಟ್ ತೆಗೆಯುತ್ತೇವೆ ಎಂದವನು ಕಳ್ಳ. ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹಾಗಾದರೆ ಅಮೆರಿಕದ ತರ ನಮ್ಮಲ್ಲೂ ಎಲ್ಲರಿಗೂ ಕಾಣುವ ಪಟ್ಟಿ ಬೇಕಾ? ನನಗೆ ಬೇಡ ಅನಿಸುತ್ತದೆ. ಮದುವೆ ಪ್ರಸ್ತಾಪ ಬಂದರೆ ಹುಡುಗನ ಹೆಸರು ಹಾಕಿ ನೋಡುತ್ತಾರೆ. ಮನೆ ಬಾಡಿಗೆಗೆ ಕೊಡುವವರು ನೋಡುತ್ತಾರೆ. ಅದೇ ಹೆಸರಿನ ಬೇರೆ ಯಾರದೋ ವಾರಂಟ್ ಇವನ ತಲೆಗೆ ಕಟ್ಟುತ್ತಾರೆ. ವಾರಂಟ್ ಎಂದರೆ ಅಪರಾಧಿ ಎಂದಲ್ಲ, ಹೆಚ್ಚಾಗಿ ಕರೆದ ದಿನ ಬರಲಿಲ್ಲ ಎಂದಷ್ಟೇ. ಊರಿಗೆ ಅಷ್ಟು ತಾಳ್ಮೆ ಇರುವುದಿಲ್ಲ.

ಆದರೆ ತನ್ನ ಮೇಲಿನ ವಾರಂಟ್ ತನಗೆ ತಿಳಿಯುವ ದಾರಿ ಮಾತ್ರ ಬೇಕೇ ಬೇಕು. ಒಂಬತ್ತು ಕೋರ್ಟ್ ಸಂಕೀರ್ಣ, ಹತ್ತಾರು ವರ್ಷ, ನಾಲ್ಕು ಸ್ಪೆಲ್ಲಿಂಗ್ ಎಂದು ರಾತ್ರಿ ಒಂದು ಗಂಟೆಯವರೆಗೆ ಹುಡುಕುವುದು ಓದಿದವರಿಗೂ ಕಷ್ಟ. ಮೀನುಗಾರಿಕೆ ಬೋಟಿನಿಂದ ವಾರಕ್ಕೊಮ್ಮೆ ದಡಕ್ಕೆ ಬರುವವನು, ಬೀಡಿ ಕಟ್ಟುವ ಅಮ್ಮ ಇದನ್ನು ಮಾಡುತ್ತಾರಾ? ಬೇಕಾದ ಸಾಮಾನು ಎಲ್ಲವೂ ಈಗಾಗಲೇ ಇದೆ. ಕೋರ್ಟುಗಳು ಫೋನ್ ನಂಬರ್ ಕೊಟ್ಟ ಕಕ್ಷಿದಾರರಿಗೆ ಮುಂದಿನ ದಿನಾಂಕದ ಎಸ್‌ಎಂಎಸ್ ಕಳಿಸುತ್ತವೆ. ಖಾಸಗಿ ದೂರು ತೆಗೆದುಕೊಳ್ಳುವಾಗ ಆರೋಪಿಯ ಫೋನ್ ನಂಬರನ್ನೂ ಬರೆಸಿಕೊಂಡರೆ, ವಾರಂಟ್ ಹೊರಟ ದಿನ ಆ ನಂಬರಿಗೆ ಸಿಎನ್‌ಆರ್ ಸಂಖ್ಯೆ ಹೋದರೆ ಸಾಕು. ಸಾಲ ಕೊಡುವಾಗ ಆಧಾರ್‌ನಿಂದ ಹಿಡಿದು ಎರಡು ಫೋನ್ ನಂಬರ್‌ವರೆಗೆ ಎಲ್ಲ ಬರೆಸಿಕೊಂಡ ಫೈನಾನ್ಸ್‌ನವರು, ದೂರು ಕೊಡುವಾಗ ಹಳೆಯ ಬಾಡಿಗೆ ಮನೆಯ ವಿಳಾಸ ಒಂದನ್ನೇ ಬರೆದಿದ್ದರು. ತಮ್ಮನ ಫೋನ್ ನಂಬರ್ ಅವರ ಹತ್ತಿರ ಮೊದಲ ದಿನದಿಂದಲೂ ಇತ್ತು.